ಪಲೆರ್ಮೋ ನಗರದಲ್ಲಿ ನಡುಬೇಸಗೆ

ಬೇಸಗೆಯೆಂದರೆ ನಮ್ಮ ನಾಡಿನವರಿಗೆ ಚೈತ್ರ ವೈಶಾಖ ಮಾಸಗಳು. ಯುಗಾದಿಯ ಬೇವುಬೆಲ್ಲದೊಡನೆ ಮೊದಲಾಗಿ, ಜೂನ್ ತಿಂಗಳ ಮೊದಲ ಮಳೆಯೊಡನೆ ಅದು ಮುಗಿದುಹೋಗುವುದು. ಬಿಸಿಲು ಬಲಿತಂತೆಲ್ಲ ಮಳೆಯೂ ಹತ್ತಿರವಾಗುತ್ತಿದೆಯೆಂಬ ನೆಚ್ಚಿಕೆ ನಮಗುಂಟು. ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿ ಈ ನೆಚ್ಚಿಕೆಗೆ ಎಡೆಯಿಲ್ಲ. ಅಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಬೇಸಗೆಯೂ ಬರಗಾಲವೂ ಒಂದೇ. ನಮ್ಮ ಮಲೆನಾಡಿನಲ್ಲಿ ಆಷಾಢದ ಜಡಿಮಳೆ ಸುರಿಯುತ್ತಿರುವಾಗ ಸಿಸಿಲಿ ದ್ವೀಪದಲ್ಲಿ ಹುಲ್ಲೆಲ್ಲ ಒಣಗಿ ಬೆಟ್ಟಗಳು ಸಿಂಹದ ಮೈಬಣ್ಣವನ್ನು ತಾಳಿರುತ್ತವೆ. ಜುಲೈ ತಿಂಗಳಿನಲ್ಲಿ ಪಲೆರ್ಮೋ ನಗರದಲ್ಲಿ ಸರಾಸರಿ ಅರ್ಧ ಅಂಗುಲದಷ್ಟು ಮಳೆಯೂ ಬೀಳದು.

ಇದಕ್ಕೆ ಕಾರಣವನ್ನು ಅಟ್ಲಾಂಟಿಕ್ ಸಾಗರದಲ್ಲಿ ಹುಡುಕಬೇಕು. ಅಲ್ಲಿ ಅಜೋರ್ಸ್ ದ್ವೀಪಗಳ ಬಳಿಯಲ್ಲಿ ವಾಯುವಿನ ಒತ್ತಡ ಸದಾ ಅಧಿಕವಾಗಿರುವ ಒಂದು ಪ್ರದೇಶವಿದೆ. ಒತ್ತಡ ಅಧಿಕವಾಗಿರುವಲ್ಲಿ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸೂರ್ಯನು ಉತ್ತರಕ್ಕೆ ಸರಿದಾಗ ಈ ಪ್ರದೇಶವೂ ಅವನ ಹಿಂದೆಯೇ ಸರಿದು ಮೆಡಿಟರೇನಿಯನ್ ಸಮುದ್ರದ ಮೇಲೆ ಕೈ ಚಾಚುತ್ತದೆ. ಪಶ್ಚಿಮದಿಂದ ಮಳೆ ತರುವ ಗಾಳಿಗಳು ಆಗ ದಾರಿ ತಪ್ಪಿ ಇಂಗ್ಲೆಂಡು, ನಾರ್ವೆಗಳ ಕಡೆಗೆ ಹೋಗುತ್ತವೆ. ಇಂಗ್ಲಿಷರು ಬೇಸಗೆಯಲ್ಲಿಯೂ ಕೊಡೆ ಹಿಡಿಯುವುದಕ್ಕೂ ಸಿಸಿಲಿಯ ರೈತನು ಆಕಾಶ ನೋಡುವುದನ್ನೇ ಬಿಡುವುದಕ್ಕೂ ಕಾರಣ ಒಂದೇ.

ಇಂತಹ ಕಾಲದಲ್ಲಿ ಅಲ್ಲಿಗೆ ಹೋಗಿ ಸುಖಪಡುವುದೆಂಬುದು ಹೊಸ ಸಂಗತಿ. ಹಿಂದೆ ಉತ್ತರ ಯೂರೋಪಿನ ಸಿರಿವಂತರು ಆ ತೀರವನ್ನು ಅರಸಿ ಹೋಗುತ್ತಿದ್ದುದು ಚಳಿಗಾಲ, ವಸಂತಕಾಲಗಳಲ್ಲಿ. ಜರ್ಮನ್ ಮಹಾಕವಿ ಗಯಟೆ ಪಲೆರ್ಮೋವನ್ನು ಕಂಡುದು ೧೭೮೭ನೆಯ ಏಪ್ರಿಲ್ ತಿಂಗಳಿನಲ್ಲಿ. ಸಂಗೀತಕಾರ ವಾಗ್ನರನು ತನ್ನ 'ಪಾರ್ಸಿಫಾಲ್' ನಾಟಕವನ್ನು ಅಲ್ಲಿಯ ಒಂದು ಹೋಟೆಲಿನಲ್ಲಿ ಮುಗಿಸಿದುದು ೧೮೮೨ನೆಯ ಜನವರಿಯಲ್ಲಿ. ಬಿಸಿಲಿಗೆ ಮೈಯೊಡ್ಡುವುದು ಆರೋಗ್ಯಕರವೆಂದೂ ಕಂದಿದ ಮೈ ಚೆಲುವೆಂದೂ ಯೂರೋಪಿನವರಿಗೆ ತೋರತೊಡಗಿದುದು ಇಪ್ಪತ್ತನೆಯ ಶತಮಾನದಲ್ಲಿಯೇ. ಈಗ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ತಂಗುವ ಕೋಣೆ ಸಿಕ್ಕುವುದೇ ಕಷ್ಟ. ಆದರೆ ಹೀಗೆ ಹೋಗುವವರಲ್ಲಿ ಅನೇಕರಿಗೆ ಬೇಸಗೆಯ ಊರಿನಲ್ಲಿ ಬಾಳುವ ಬಗೆ ತಿಳಿಯದು. ಮಟಮಟ ಮಧ್ಯಾಹ್ನದಲ್ಲಿ ಬರಿದಲೆಯಲ್ಲಿ ಬೀದಿ ಸುತ್ತಿ, ಸಂಜೆಗೆ ತಲೆನೋವು ತಂದುಕೊಂಡು, ಊರು ತಂಪಾಗಿ ಬೀದಿಗಿಳಿಯುವ ಹೊತ್ತಿಗೆ ಮಲಗಿಬಿಡುವರು. ಬಿಸಿಲಿನ ನಾಡಿನವರಾದ ನಮಗೆ ಈ ಬುದ್ಧಿ ಸ್ವಲ್ಪ ಹೆಚ್ಚು ಇರಬೇಕಷ್ಟೆ. ಆದರೂ ಅಲ್ಲಿಯ ಬೇಸಗೆಗೆ ಅದರದೇ ಆದ ನಿಯಮಗಳುಂಟು. ನಾವು ಒಂದು ಜುಲೈ ತಿಂಗಳಿನಲ್ಲಿ ಮೂರು ವಾರ ಆ ಊರಿನಲ್ಲಿದ್ದು ಕಂಡುದನ್ನೂ, ಅದರ ಹಿಂದಿರುವ ಕಾರಣಗಳನ್ನೂ ಕೇಳುಗರ ಮುಂದಿಡಬಯಸುತ್ತೇವೆ.

ಮೊದಲನೆಯ ಸಂಗತಿ ಗಡಿಯಾರದ್ದು. ಪಲೆರ್ಮೋ ಇರುವುದು ೩೮ನೆಯ ಅಕ್ಷಾಂಶದಲ್ಲಿ, ಮೈಸೂರು ೧೨ನೆಯದರಲ್ಲಿ. ನಮ್ಮಲ್ಲಿ ವರ್ಷದ ಅತ್ಯಂತ ದೀರ್ಘವಾದ ಹಗಲು ೧೩ ಗಂಟೆಯನ್ನು ಮುಟ್ಟುವುದಿಲ್ಲ. ಅಲ್ಲಿ ಹದಿನಾಲ್ಕೂಮುಕ್ಕಾಲು ಗಂಟೆಯನ್ನು ಮೀರುತ್ತದೆ. ಇದರ ಮೇಲೆ ಬೇಸಗೆಯಲ್ಲಿ ಸರಕಾರದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿರುತ್ತಾರೆ. ಇದರಿಂದಾಗಿ ಸೂರ್ಯನು ನೆತ್ತಿಯ ಕಡೆಗೆ ಬರುವುದು ಹನ್ನೆರಡಕ್ಕಲ್ಲ, ಒಂದೂ ಹತ್ತಕ್ಕೆ. ನೆಲ ಕಾದು ಗಾಳಿ ಕಾಯುವುದು ಅದಕ್ಕೂ ಎರಡು ಗಂಟೆ ತಡವಾಗಿ. ಮೂರು ಗಂಟೆಯಾಯಿತು, ಇನ್ನು ಹೊರಡೋಣವೆಂದು ಹೊರಡುವವನು ಬೆಂಕಿಯ ಬಾಯಿಗೇ ನಡೆದುಹೋಗುವನು. ಸೂರ್ಯಾಸ್ತವಾಗುವುದು ರಾತ್ರಿ ಎಂಟೂವರೆಗೆ. ಆದಕಾರಣ ಆ ಊರಿನವರು ದಿನವನ್ನು ಎರಡಾಗಿ ಸೀಳಿಕೊಂಡಿದ್ದಾರೆ. ಬೆಳಗಿನ ಆರರಿಂದ ಹನ್ನೆರಡರವರೆಗೆ ಒಂದು ದಿನ. ಸಂಜೆ ಆರರಿಂದ ನಡುರಾತ್ರಿ ಕಳೆಯುವವರೆಗೆ ಇನ್ನೊಂದು. ನಡುವಣ ಹೊತ್ತಿಗೆ ದಕ್ಷಿಣ ಇಟಲಿಯವರು 'ಕೊಂತ್ರೋರಾ' ಎಂದು ಹೆಸರಿಟ್ಟಿದ್ದಾರೆ. ಹೊತ್ತಿಗೆ ವಿರುದ್ಧವಾದ ಹೊತ್ತು ಎಂದು ಅದರ ಅರ್ಥ. ಅದು ಲೆಕ್ಕಕ್ಕೆ ಸೇರದ ಕಾಲ. ಆಗ ಅಂಗಡಿಗಳು ಮುಚ್ಚಿರುವುವು. ಬೀದಿಯಲ್ಲಿ ಬೆಕ್ಕು ಕೂಡ ಕಾಣದು.

ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿತಿ ಎಂಬತ್ತು ದಾಟಿದ ಮುದುಕಿ. ಬೆಳಗ್ಗೆ ಎದ್ದೊಡನೆ ಆಕೆ ಎಲ್ಲ ಕಿಟಕಿಗಳನ್ನೂ ತೆರೆದಿಟ್ಟು, ಒಂಬತ್ತು ಹೊಡೆಯುತ್ತಲೇ ಒಂದೊಂದಾಗಿ ಮುಚ್ಚಿಕೊಂಡು ಬರುವಳು: ಮೊದಲು ಪೂರ್ವದವು, ಬಳಿಕ ದಕ್ಷಿಣದವು, ಊಟವಾದ ಮೇಲೆ ಪಶ್ಚಿಮದವು. ಆ ಕಿಟಕಿಗಳಿಗೆ ಗಾಜಿನ ಹೊರಗಡೆಯಲ್ಲಿ ಮರದ ಪಟ್ಟಿಗಳನ್ನು ಓರೆಯಾಗಿ ಕೂಡಿಸಿದ ಬಾಗಿಲುಗಳಿವೆ. ಹೊರಗಡೆಯಲ್ಲಿರುವುದೇ ಮುಖ್ಯ. ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಪರದೆಯಿಂದ ಅದನ್ನು ತಡೆದರೆ ಪರದೆ ಕಾದು ಕೋಣೆಯನ್ನೂ ಕಾಯಿಸುತ್ತದೆ. ಹೊರಗೇ ತಡೆದರೆ ಕಾವು ಹೊರಗೇ ಉಳಿಯುತ್ತದೆ. ಪಟ್ಟಿಗಳ ಸಂದಿನಿಂದ ಗಾಳಿ ಮಾತ್ರ ಬರುವುದು. ಅಲ್ಲಿಯ ಹಳೆಯ ಮನೆಗಳ ಗೋಡೆಗಳು ಎರಡು ಮೂರು ಅಡಿ ದಪ್ಪ. ಹಗಲಿನ ಕಾವು ಅಂತಹ ಗೋಡೆಯನ್ನು ಹಾಯ್ದು ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಕಿಟಕಿ ತೆರೆದರೆ ಅದು ಹೊರಟುಹೋಗುತ್ತದೆ. ಆ ಕತ್ತಲ ಕೋಣೆಯಲ್ಲಿ ನೆಲದ ತಣ್ಣನೆಯ ಹಾಸುಬಿಲ್ಲೆಗಳ ಮೇಲೆ ಬರಿಗಾಲಿಟ್ಟು ನಡೆದು, ಮಂಚದ ಮೇಲೆ ಉರುಳಿಕೊಂಡು, ಬೀದಿಯ ನಿಶ್ಶಬ್ದವನ್ನು ಕೇಳುತ್ತ ಕಳೆದ ಹೊತ್ತು ಆ ಊರಿನ ಯಾವ ದೇವಾಲಯಕ್ಕಿಂತಲೂ ಕಡಮೆಯಾಗಿ ನಮಗೆ ತೋರಲಿಲ್ಲ.

ಸಮುದ್ರಸ್ನಾನಕ್ಕೆ ಊರಿನವರು ಹೋಗುವುದು ಮೊಂದೆಲ್ಲೋ ಎಂಬ ಕೊಲ್ಲಿಗೆ. ಪೆಲ್ಲೆಗ್ರೀನೋ, ಗಾಲ್ಲೋ ಎಂಬ ಎರಡು ಬೆಟ್ಟಗಳ ನಡುವೆ ಬಿಲ್ಲಿನಂತೆ ಬಾಗಿರುವ ಬಿಳಿಯ ಮರಳು ತೀರ ಅದು. ನೂರಿಪ್ಪತ್ತು ವರ್ಷಗಳ ಹಿಂದೆ ಅಲ್ಲಿದ್ದುದು ಜ್ವರ ಹುಟ್ಟಿಸುವ ಜೌಗು. ಅದನ್ನು ಬತ್ತಿಸಿ, ನೀರಿನಲ್ಲಿ ಕಂಬಗಳನ್ನು ನೆಟ್ಟು ಅವುಗಳ ಮೇಲೆ ಒಂದು ಸೊಗಸಾದ ಸ್ನಾನಗೃಹವನ್ನು ೧೯೧೩ರ ಹೊತ್ತಿಗೆ ಕಟ್ಟಿದರು; ಅದು ಇಂದಿಗೂ ನಿಂತಿದೆ. ನಮ್ಮ ಕಾರವಾರ, ಮಲ್ಪೆಗಳ ಕಡಲನ್ನು ಕಂಡವರಿಗೆ ಈ ಕಡಲು ಕೆರೆಯಂತೆ ಕಾಣುವುದು. ಮಳೆಗಾಲದ ಮಾರುತ ಬೀಸುವಾಗ ನಮ್ಮ ತೀರದಲ್ಲಿ ದೋಣಿಗಳು ದಡ ಹತ್ತಿರುತ್ತವೆ. ಅದೇ ತಿಂಗಳುಗಳಲ್ಲಿ ಅಲ್ಲಿಯ ಕಡಲು ತೀರ ಶಾಂತ. ಜಿಬ್ರಾಲ್ಟರ್ ಜಲಸಂಧಿ ಬಹಳ ಇಕ್ಕಟ್ಟಾದುದರಿಂದ ಮಹಾಸಾಗರದ ಉಬ್ಬರವಿಳಿತಗಳೂ ಒಳಗೆ ಅಷ್ಟಾಗಿ ನುಸುಳವು. ನದಿಗಳೂ ಮಳೆಯೂ ಕೊಡುವುದಕ್ಕಿಂತ ಹೆಚ್ಚು ನೀರು ಬಿಸಿಲಿಗೆ ಆವಿಯಾಗಿ ಹೋಗುವುದರಿಂದ ಉಪ್ಪು ಮಾತ್ರ ಹೆಚ್ಚು: ಸಾವಿರ ಪಾಲಿನಲ್ಲಿ ಸುಮಾರು ೩೮ ಪಾಲು, ಮಹಾಸಾಗರಗಳಲ್ಲಿ ಸರಾಸರಿ ೩೫. ಈಜು ಚೆನ್ನಾಗಿ ಬಾರದವರನ್ನೂ ಆ ನೀರು ಸ್ವಲ್ಪ ಸಲೀಸಾಗಿಯೇ ಎತ್ತಿ ಹಿಡಿಯುವುದು. ನೀರು ನೆಲಕ್ಕಿಂತ ನಿಧಾನವಾಗಿ ಕಾಯುವುದರಿಂದ ಸಮುದ್ರವು ಹೆಚ್ಚು ಬೆಚ್ಚಗಿರುವುದು ಜೂನ್ ತಿಂಗಳಿನಲ್ಲಲ್ಲ, ಆಗಸ್ಟಿನಲ್ಲಿ. ಊರಿನ ಕುಟುಂಬಗಳು ಬೆಳಗ್ಗೆ ಏಳಕ್ಕೇ ಹೋಗಿ, ಹನ್ನೊಂದಕ್ಕೆ ಎದ್ದುಬಿಡುವುವು. ಅಲ್ಲಿಂದ ಮುಂದೆ ಮರಳಿನ ಮೇಲೆ ಬೇಯುತ್ತಿರುವವರೆಲ್ಲ ಪರದೇಶಿಗಳೆಂದು ತಿಳಿಯಬಹುದು.

ಈಗ ಹೇಳಬೇಕಾದುದು ಶಿರೋಕ್ಕೋ ಎಂಬ ಗಾಳಿಯ ವಿಚಾರ. ಸಾಮಾನ್ಯ ದಿವಸಗಳಲ್ಲಿ ಪಲೆರ್ಮೋವಿನ ಬೇಸಗೆ ಅಷ್ಟೇನೂ ಕ್ರೂರವಾದುದಲ್ಲ. ಮಧ್ಯಾಹ್ನದ ಉಷ್ಣಮಾನ ೩೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಹಗಲು ನೆಲ ಕಾದಾಗ ಅದರ ಮೇಲಣ ಗಾಳಿ ಮೇಲೇಳುವುದು, ಆ ಸ್ಥಳಕ್ಕೆ ಸಮುದ್ರದ ಮೇಲಣ ತಂಪಾದ ಗಾಳಿ ನುಗ್ಗುವುದು, ಊರು ಉಸಿರಾಡುವುದು. ಆದರೆ ಬೇಸಗೆಯಲ್ಲಿ ಕೆಲವು ದಿವಸ ಸಹಾರಾ ಮರುಭೂಮಿಯಿಂದ ಗಾಳಿ ಬೀಸತೊಡಗಿ, ಸಮುದ್ರವನ್ನು ದಾಟಿ, ಸಿಸಿಲಿಯ ಬೆಟ್ಟಗಳನ್ನು ಹತ್ತಿ, ಉತ್ತರ ತೀರದಲ್ಲಿರುವ ಪಲೆರ್ಮೋವಿನ ಮೇಲೆ ಇಳಿಯುತ್ತದೆ. ಬೈಸಿಕಲ್ಲಿನ ಪಂಪನ್ನು ಒತ್ತಿದಾಗ ಅದರ ಕೊಳವೆ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಹಾಗೆಯೇ ಬೆಟ್ಟದಿಂದಿಳಿಯುವ ಗಾಳಿ ಕೆಳಗಿನ ಒತ್ತಡಕ್ಕೆ ಸಿಕ್ಕಿ, ನೂರು ಮೀಟರಿಗೆ ಒಂದು ಡಿಗ್ರಿಯಂತೆ ಬಿಸಿಯಾಗುತ್ತ ಬರುವುದು. ಮೊದಲೇ ಮರುಭೂಮಿಯ ಗಾಳಿ. ಅದರ ಮೇಲೆ ಈ ಒತ್ತಡ. ಊರು ಮೂರು ಕಡೆ ಬೆಟ್ಟ, ಒಂದು ಕಡೆ ಕಡಲಿನಿಂದ ಆವರಿಸಲ್ಪಟ್ಟಿರುವುದರಿಂದ, ಬಾಣಲೆಯಲ್ಲಿ ಹುರಿದಂತಾಗುವುದು. ಗಾಳಿ ಬೀಸಿದಷ್ಟೂ ಬಿಸಿ ಹೆಚ್ಚುವುದೆಂಬುದು ಹೊಸಬರಿಗೆ ನಂಬಲಾಗದ ಸಂಗತಿ.

ಈ ಗಾಳಿಗೆ ಪ್ರತಿಯಾಗಿ ಆ ಊರಿನವರು ಹೂಡಿದ ಉಪಾಯಗಳಲ್ಲಿಯೇ ಪಲೆರ್ಮೋವಿನ ನಿಜವಾದ ಹಿರಿಮೆಯನ್ನು ನಾವು ಕಂಡೆವು. ಕ್ರಿ. ಶ. ೮೩೧ರಲ್ಲಿ ಅರಬರು ಈ ಊರನ್ನು ಗೆದ್ದು ೧೦೭೨ರವರೆಗೆ ಆಳಿದರು. ಬಳಿಕ ಬಂದ ನಾರ್ಮನ್ ದೊರೆಗಳು ಉತ್ತರದ ಚಳಿನಾಡಿನವರು, ಕ್ರೈಸ್ತರು. ಆದರೂ ಅರಬ ವಿದ್ವಾಂಸರನ್ನೂ ಕುಶಲಕರ್ಮಿಗಳನ್ನೂ ತಮ್ಮ ಆಸ್ಥಾನದಲ್ಲಿ ಉಳಿಸಿಕೊಂಡರು. ಭೂಗೋಳಶಾಸ್ತ್ರಜ್ಞ ಇದ್ರೀಸಿಯು ತನ್ನ ಪ್ರಸಿದ್ಧ ಗ್ರಂಥವನ್ನು ೧೧೫೪ರಲ್ಲಿ ಮುಗಿಸಿದುದು ಎರಡನೆಯ ರಾಜರನ ಆಶ್ರಯದಲ್ಲಿ. ಬಿಸಿಲನ್ನು ಗೆಲ್ಲುವ ವಿದ್ಯೆಯನ್ನು ಆ ದೊರೆಗಳು ತಾವು ಸೋಲಿಸಿದವರಿಂದಲೇ ಕಲಿತರು.

ಜೀಸಾ ಅರಮನೆ ಆ ವಿದ್ಯೆಯ ಅತ್ಯುತ್ತಮ ನಿದರ್ಶನ. ಅರಬಿಯ 'ಅಜೀಜ' ಎಂಬ ಶಬ್ದವೇ ಹೀಗೆ ಮಾರ್ಪಟ್ಟಿದೆ. ಒಂದನೆಯ ವಿಲಿಯಮನು ೧೧೬೫ರಲ್ಲಿ ಇದನ್ನು ಬೇಸಗೆಯ ವಿಹಾರಕ್ಕೆಂದು ಕಟ್ಟಿಸತೊಡಗಿದನು, ಮಗನು ಮುಗಿಸಿದನು. ಹೊರಗಿನಿಂದ ನೋಡಿದರೆ ಚೌಕನಾದ ಒಂದು ದೊಡ್ಡ ಕಲ್ಲಿನ ಪೆಟ್ಟಿಗೆ, ಅಲಂಕಾರ ಅಲ್ಪ. ಆದರೆ ಅದರ ಮುಖ ಈಶಾನ್ಯಕ್ಕಿದೆ: ಕಡಲ ಗಾಳಿ ಬರುವ ದಿಕ್ಕಿಗೆ. ನಡುವಣ ಹಜಾರದ ಗೋಡೆಯಿಂದ ನೀರು ಚಿಮ್ಮಿ, ಓರೆಯಾದ ಹಾಸುಗಲ್ಲಿನ ಮೇಲೆ ತೆಳುವಾಗಿ ಹರಡಿ ಇಳಿದು, ನೆಲದೊಳಗಣ ಕಾಲುವೆಯಲ್ಲಿ ಹರಿದು, ಹೊರಗಣ ಕೊಳಕ್ಕೆ ಸೇರುತ್ತಿತ್ತು. ಗಾಳಿ ಮೊದಲು ಕೊಳದ ಮೇಲೆ ಹಾಯ್ದು, ಬಳಿಕ ಕಮಾನುಗಳ ಮೂಲಕ ಹಜಾರವನ್ನು ಹೊಕ್ಕು, ಗೋಡೆಗಳಲ್ಲಿ ಬಿಟ್ಟಿರುವ ಗಾಳಿಗೂಡುಗಳ ಮೂಲಕ ಮೇಲಿನ ಅಂತಸ್ತುಗಳಿಗೆ ಏರುತ್ತಿತ್ತು. ನೀರು ಆವಿಯಾಗಲು ಕಾವು ಬೇಕು. ಆ ಕಾವನ್ನು ಅದು ಗಾಳಿಯಿಂದ ತೆಗೆದುಕೊಳ್ಳುತ್ತದೆ. ನಮ್ಮ ಮನೆಯ ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ತತ್ತ್ವವೇ ಇದು. ಇಲ್ಲಿ ಇಡೀ ಅರಮನೆಯೇ ಹೂಜಿಯಾಗಿದೆ. ಬಹುಕಾಲ ಹಾಳುಬಿದ್ದಿದ್ದು, ೧೯೭೧ರಲ್ಲಿ ಒಂದು ಭಾಗ ಕುಸಿದೂ ಬಿದ್ದ ಈ ಕಟ್ಟಡವನ್ನು ದುರಸ್ತು ಮಾಡಿ ಈಗ ವಸ್ತುಸಂಗ್ರಹಾಲಯವನ್ನಾಗಿ ಇಟ್ಟಿದ್ದಾರೆ.

ಆ ನೀರಾದರೂ ಎಲ್ಲಿಂದ ಬರುತ್ತಿತ್ತು? ಊರಿನ ಅಡಿಯಲ್ಲಿ ಸುರಂಗಗಳಿವೆ. ಬೆಟ್ಟದ ತಪ್ಪಲಿನ ಅಂತರ್ಜಲವನ್ನು ಹುಡುಕಿ, ಅಲ್ಲಿಂದ ಊರಿನವರೆಗೆ ಬಹಳ ನಸುವಾದ ಇಳಿಜಾರಿನಲ್ಲಿ ನೆಲದೊಳಗೆ ಬಿಲ ತೋಡಿ, ನಡುನಡುವೆ ಬಾವಿಗಳನ್ನು ಇಳಿಸಿ, ನೀರು ಬಿಸಿಲನ್ನೇ ಕಾಣದಂತೆ ಹರಿಯಿಸುವ ಈ ಪದ್ಧತಿಗೆ 'ಕನಾತ್' ಎಂದು ಹೆಸರು. ಪಾರಸೀಕ ದೇಶದಲ್ಲಿ ಹುಟ್ಟಿದ ವಿದ್ಯೆ ಇದು. ಇದನ್ನು ನೋಡಲು ನಮ್ಮವರು ಸಿಸಿಲಿಗೇ ಹೋಗಬೇಕಾಗಿಲ್ಲ. ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಕರೇಜು ಇದೇ ಜಾತಿಯದು. ಒಂದೇ ವಿದ್ಯೆ ಪಾರಸೀಕದಿಂದ ಹೊರಟು ಪಶ್ಚಿಮಕ್ಕೆ ಪಲೆರ್ಮೋವನ್ನೂ ದಕ್ಷಿಣಕ್ಕೆ ಬೀದರನ್ನೂ ಸೇರಿತೆಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಪಲೆರ್ಮೋವಿನ ಕೆಲವು ಸುರಂಗಗಳೊಳಕ್ಕೆ ಇಂದಿಗೂ ಮಾರ್ಗದರ್ಶಿಗಳೊಡನೆ, ತಲೆಗೆ ದೀಪ ಕಟ್ಟಿಕೊಂಡು, ಮೊಣಕಾಲುದ್ದ ನೀರಿನಲ್ಲಿ ಇಳಿದು ಹೋಗಬಹುದು. ಮೇಲೆ ಊರು ಕಾಯುತ್ತಿರುವಾಗ ಒಳಗೆ ಮೈ ನಡುಗುವುದು.

ಮುಂದಿನ ಶತಮಾನಗಳಲ್ಲಿ ಸರದಾರರು ತಮ್ಮ ತೋಟದ ಮನೆಗಳಲ್ಲಿ 'ಶಿರೋಕ್ಕೋ ಕೋಣೆ'ಗಳನ್ನು ಮಾಡಿಸಿಕೊಂಡರು. ಮೆತುವಾದ ಕಲ್ಲನ್ನು ಕೊರೆದು ನೆಲದಡಿಯಲ್ಲಿ ಗುಹೆಯಂತಹ ಕೋಣೆ. ಗೋಡೆಯ ಸುತ್ತ ಕಲ್ಲಿನ ಜಗಲಿ. ನಡುವೆ ಅಥವಾ ಪಕ್ಕದಲ್ಲಿ ಹರಿಯುವ ನೀರು. ಬಿಸಿಗಾಳಿ ಹೊರಕ್ಕೆ ಹೋಗಲು ಮೇಲೊಂದು ಕಂಡಿ. ಶಿರೋಕ್ಕೋ ಬೀಸುವ ಎರಡು ಮೂರು ದಿವಸಗಳನ್ನು ಅವರು ಅಲ್ಲಿ ಕಳೆಯುತ್ತಿದ್ದರು. ತೋಟದಲ್ಲಿ ದುಡಿಯುವ ಆಳುಗಳು ಆ ದಿವಸಗಳನ್ನು ಎಲ್ಲಿ ಕಳೆಯುತ್ತಿದ್ದರೆಂದು ಕೇಳಬೇಕಾದುದು ನ್ಯಾಯವೇ. ಆ ಪ್ರಶ್ನೆಗೆ ಮುಂದೆ ಬರುತ್ತೇವೆ.

ಇಷ್ಟೆಲ್ಲ ಕಲ್ಲು ನೀರುಗಳ ವಿಚಾರವಾದ ಮೇಲೆ ನಾಲಗೆಯ ವಿಚಾರವನ್ನೂ ಹೇಳದಿದ್ದರೆ ಕೇಳುಗರು ಮುನಿದಾರು. ಬೇಸಗೆಯಲ್ಲಿ ಸಿಸಿಲಿಯವರ ಬೆಳಗಿನ ಉಪಾಹಾರವೇ ಮಂಜು. 'ಗ್ರಾನೀತಾ' ಎಂಬುದು ಹಣ್ಣಿನ ರಸವನ್ನೋ ಕಾಫಿಯನ್ನೋ ಸಕ್ಕರೆಯ ನೀರಿನೊಡನೆ ಕೂಡಿಸಿ, ಹೆಪ್ಪುಗಟ್ಟುತ್ತಿರುವಾಗ ಕದಡುತ್ತಲೇ ಇದ್ದು, ಗಡ್ಡೆಯಾಗಲು ಬಿಡದೆ, ನುಚ್ಚಿನಂತೆ ಮಾಡಿದ ಪದಾರ್ಥ. ಅದನ್ನು ಲೋಟದಲ್ಲಿ ಹಾಕಿ, ಜೊತೆಗೆ ಮೃದುವಾದ ಒಂದು ದುಂಡು ಬನ್ನನ್ನು ಕೊಡುವರು; ಬನ್ನನ್ನು ಮುರಿದು ಅದರಲ್ಲಿ ಅದ್ದಿ ತಿನ್ನುವುದು ಕ್ರಮ. ಬನ್ನಿನಲ್ಲಿ ಮೊಟ್ಟೆಯಿರುವುದರಿಂದ ಮಡಿವಂತರು ಮಂಜಿನಷ್ಟರಿಂದಲೇ ತೃಪ್ತರಾಗಬೇಕು. ನಿಂಬೆಯದು, ಕಾಫಿಯದು, ಕಪ್ಪು ಹಿಪ್ಪುನೇರಳೆ ಹಣ್ಣಿನದು ಎಲ್ಲವೂ ಚೆಲುವು. ಆದರೆ ಮಲ್ಲಿಗೆಯ ಹೂವನ್ನು ನೀರಿನಲ್ಲಿ ನೆನೆಹಾಕಿ, ದಾಲ್ಚಿನ್ನಿಯನ್ನು ಸೇರಿಸಿ ಮಾಡುವ 'ಸ್ಕುರ್ಸುನೇರಾ' ಎಂಬುದನ್ನು ತಿಂದಾಗ, ಮೈಸೂರಿನವರು ಮಲ್ಲಿಗೆಯನ್ನು ಮುಡಿಗೆ ಮಾತ್ರ ಮೀಸಲಾಗಿಟ್ಟುದು ಏಕೆಂದು ನಮಗೆ ತೋರಿತು.

ವಿದ್ಯುತ್ತಿನ ಯಂತ್ರಗಳಿಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡುತ್ತಿದ್ದರು? ಪಲೆರ್ಮೋವಿಗೆ ಪೂರ್ವದಲ್ಲಿ ಮದೋನಿಯೆ ಎಂಬ ಬೆಟ್ಟಗಳಿವೆ. ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮವನ್ನು ಹಳ್ಳಗಳಲ್ಲಿ ತುಂಬಿ, ತುಳಿದು ಗಟ್ಟಿಮಾಡಿ, ಮೇಲೆ ಹುಲ್ಲು ಸೊಪ್ಪುಗಳನ್ನು ದಪ್ಪವಾಗಿ ಹೊದಿಸಿ ಬೇಸಗೆಯವರೆಗೆ ಕಾಪಾಡುತ್ತಿದ್ದರು. ಬೇಸಗೆಯ ರಾತ್ರಿಗಳಲ್ಲಿ ಅದನ್ನು ಹೇಸರಗತ್ತೆಗಳ ಮೇಲೆ ಹೇರಿ ಊರಿಗೆ ತರುತ್ತಿದ್ದರು. ಹಿಮ ಒಂದರಿಂದಲೇ ರಸ ಹೆಪ್ಪುಗಟ್ಟದು. ಹಿಮಕ್ಕೆ ಉಪ್ಪನ್ನು ಬೆರಸಬೇಕು. ಉಪ್ಪು ಬೆರೆತ ಹಿಮ ಕರಗುತ್ತ ತನ್ನ ಸುತ್ತಣ ಕಾವನ್ನು ಹೀರಿ ಶೂನ್ಯ ಡಿಗ್ರಿಗಿಂತ ಬಹಳ ಕೆಳಕ್ಕೆ ಇಳಿಯುವುದು. ಆ ಮಿಶ್ರಣದಲ್ಲಿ ರಸದ ಪಾತ್ರೆಯನ್ನಿಟ್ಟು ತಿರುವುತ್ತಿದ್ದರು. ಉಪ್ಪಿಗೆ ಸಿಸಿಲಿಯಲ್ಲಿ ಬರವಿಲ್ಲ. ಪಶ್ಚಿಮ ತೀರದ ತ್ರಾಪನಿಯಲ್ಲಿ ದೊಡ್ಡ ಉಪ್ಪಿನ ಆಗರಗಳಿವೆ. ಹಿಮ, ಉಪ್ಪು, ನಿಂಬೆ, ಸಕ್ಕರೆ ನಾಲ್ಕೂ ಒಂದೇ ದ್ವೀಪದಲ್ಲಿ ಕೂಡಿದುದರ ಫಲ ಇದು. ಭಾಷೆಯಲ್ಲಿ ಆಸಕ್ತಿಯುಳ್ಳವರಿಗೆ ಇನ್ನೊಂದು ಮಾತು: ಇಟಾಲಿಯನರ 'ಸೊರ್ಬೆತ್ತೋ' ನಮ್ಮ ಷರಬತ್ತಿನ ಒಡಹುಟ್ಟು, ಎರಡಕ್ಕೂ ಅರಬಿಯ ಪಾನವಾಚಕ ಧಾತುವೇ ಮೂಲ. ಅವರ 'ಝುಕ್ಕೆರೋ' ನಮ್ಮ ಶರ್ಕರವೇ. ಅವರ 'ಲಿಮೋನೆ' ಪಾರಸೀಕರ ಮೂಲಕ ಹೋದ ನಮ್ಮ ನಿಂಬೂಕ. ಪಲೆರ್ಮೋವಿನಲ್ಲಿ ಒಂದು ಲೋಟ ನಿಂಬೆಯ ಮಂಜನ್ನು ಕೇಳುವವನು ತನಗೆ ತಿಳಿಯದೆಯೇ ಅರ್ಧ ಸಂಸ್ಕೃತವನ್ನಾಡುತ್ತಿರುವನು.

ಊಟದ ವಿಚಾರವನ್ನು ಬೇಗ ಮುಗಿಸುತ್ತೇವೆ. ಸಸ್ಯಾಹಾರಿಗಳು ಹೆದರಬೇಕಾದುದಿಲ್ಲ. ಬೀದಿಯಲ್ಲಿ ಮಾರುವ 'ಪನೆಲ್ಲೆ' ಕಡಲೆಹಿಟ್ಟಿನ ಕರಿದ ಬಿಲ್ಲೆ. ಎಳ್ಳು ಹಚ್ಚಿದ ಬನ್ನಿನಲ್ಲಿಟ್ಟು ನಿಂಬೆ ಹಿಂಡಿ ಕೊಡುವರು. ಬದನೆಕಾಯಿಯನ್ನು ಹುರಿದು ಹುಳಿ ಸಿಹಿ ಕೂಡಿಸಿ, ತಣ್ಣಗಾದ ಮೇಲೆಯೇ ಬಡಿಸುವ 'ಕಪೋನಾತಾ' ನಮ್ಮ ಗೊಜ್ಜಿನ ದೂರದ ನೆಂಟನೆನ್ನಬಹುದು. ಹುಳಿ ಹಾಕಿದ ಪದಾರ್ಥ ಬಿಸಿಲಿನಲ್ಲಿ ಕೆಡದೆಂಬ ಯುಕ್ತಿ ಎರಡು ಕಡೆಯೂ ಒಂದೇ. ಬದನೆ ಅಲ್ಲಿಗೆ ಹೋದುದೂ ಅರಬರ ಮೂಲಕ ಪೂರ್ವದೇಶಗಳಿಂದಲೇ.

ಸಂಜೆ ಏಳಕ್ಕೆ ಎರಡನೆಯ ದಿನ ಪ್ರಾರಂಭವಾಗುವುದು. ಊರಿನ ಎರಡು ಮುಖ್ಯ ಬೀದಿಗಳು ಕೂಡುವ ಚೌಕದಲ್ಲಿ ನಾಲ್ಕು ಮೂಲೆಗಳಿಗೂ ನಾಲ್ಕು ಬಾಗಿದ ಕಟ್ಟಡಗಳು. ಒಂದೊಂದರಲ್ಲಿಯೂ ಒಂದೊಂದು ಋತುವಿನ ಶಿಲಾಮೂರ್ತಿ. ಹಗಲಿನ ಯಾವ ಹೊತ್ತಿನಲ್ಲಿಯೂ ನಾಲ್ಕರಲ್ಲಿ ಒಂದರ ಮೇಲಾದರೂ ಬಿಸಿಲು ಬೀಳುವುದರಿಂದ ಇದಕ್ಕೆ 'ಸೂರ್ಯನ ರಂಗಮಂದಿರ'ವೆಂಬ ಹೆಸರೂ ಉಂಟು. ಚಳಿಗಾಲದಲ್ಲಿ ಬಂದ ಕವಿಗಳಿಟ್ಟ ಹೆಸರಿರಬೇಕು. ಬೇಸಗೆಯಲ್ಲಿ ಜನರೆಲ್ಲ ನಿಂತಿರುವುದು ನೆರಳು ಬಿದ್ದ ಮೂಲೆಯಲ್ಲಿಯೇ. ಅಲ್ಲಿಂದ ನೇರವಾಗಿ ಸಮುದ್ರದ ಕಡೆಗೆ ನಡೆದರೆ ಹಳೆಯ ಕೋಟೆಗೋಡೆಯ ಮೇಲೆ ಒಂದು ವಿಹಾರಪಥ ಸಿಕ್ಕುವುದು. 'ಕತ್ತೀವೆ'ಯರ ಗೋಡೆಯೆಂದು ಅದರ ಹೆಸರು. ಈಗಿನ ಇಟಾಲಿಯನಿನಲ್ಲಿ ಕೆಟ್ಟವರು ಎಂದು ಅರ್ಥವಾದರೂ, ಮೂಲದಲ್ಲಿ ಅದು ಬಂದಿನಿಯರು ಎಂಬ ಲ್ಯಾಟಿನ್ ಶಬ್ದ. ವೈಧವ್ಯದ ಶೋಕದಲ್ಲಿ ಸೆರೆಯಾದವರು ಎಂದು ಭಾವ. ಕೆಳಗಣ ಬೀದಿಯಲ್ಲಿ ಸಂಭ್ರಮದಿಂದ ಅಡ್ಡಾಡುವ ಜನರ ಕಣ್ಣಿಗೆ ಬೀಳದೆ ವಿಧವೆಯರೂ ಕಡಲ ಗಾಳಿಯನ್ನು ಸೇವಿಸಲೆಂದು ಆ ಸ್ಥಳವನ್ನು ಬಿಟ್ಟುಕೊಟ್ಟಿದ್ದರಂತೆ. ತಂಪುಗಾಳಿಯೂ ಎಲ್ಲರಿಗೂ ಸಮನಾಗಿ ದೊರೆಯುವ ವಸ್ತುವಲ್ಲವೆಂಬುದಕ್ಕೆ ಆ ಗೋಡೆ ಒಂದು ಸಾಕ್ಷಿ. ಈ ಹೊತ್ತಿಗೆ ಮಹಡಿಗಳ ಮೊಗಸಾಲೆಗಳಲ್ಲಿ 'ಪೊಮೇಲಿಯಾ' ಹೂವಿನ ಕಂಪು ಏಳುವುದು. ಅದು ಬೇರೆ ಯಾವುದೂ ಅಲ್ಲ, ನಮ್ಮ ದೇವಕಣಗಿಲೆ. ಅಮೆರಿಕ ಖಂಡದಿಂದ ನಮ್ಮಲ್ಲಿಗೂ ಅಲ್ಲಿಗೂ ಬಂದ ಗಿಡ. ನಮ್ಮಲ್ಲಿ ಗುಡಿಯ ಅಂಗಳದಲ್ಲಿ ತಾನಾಗಿಯೇ ಮರವಾಗುವ ಅದನ್ನು ಅವರು ಕುಂಡಗಳಲ್ಲಿ ಸಾಕಿ, ಚಳಿಗಾಲದಲ್ಲಿ ಕೊಂಬೆಗಳ ತುದಿ ಸೀಯದಂತೆ ಒಂದೊಂದಕ್ಕೂ ಮೊಟ್ಟೆಯ ಚಿಪ್ಪಿನ ಟೋಪಿಯನ್ನು ತೊಡಿಸುವರು.

ಜುಲೈ ೧೪ರ ರಾತ್ರಿ ಇಡೀ ಊರು ಬೀದಿಯಲ್ಲಿರುತ್ತದೆ. ಅದು ಊರಿನ ಅಧಿದೇವತೆಯಾದ ಸಂತ ರೊಸಾಲಿಯಾಳ ಉತ್ಸವ. ೧೬೨೪ರಲ್ಲಿ ಪ್ಲೇಗು ಬಂದಾಗ ಪೆಲ್ಲೆಗ್ರೀನೋ ಬೆಟ್ಟದ ಗವಿಯಲ್ಲಿ ಆಕೆಯ ಅಸ್ಥಿಗಳು ದೊರೆತುವೆಂದೂ, ಅವನ್ನು ಮೆರವಣಿಗೆ ಮಾಡಿದ ಮೇಲೆ ರೋಗ ಶಮನವಾಯಿತೆಂದೂ ಅವರ ನಂಬಿಕೆ. ಹಡಗಿನಾಕಾರದ ದೊಡ್ಡ ರಥವು ಊರ ನಡುವಣ ಬೀದಿಯಲ್ಲಿ ಕಡಲಿನವರೆಗೆ ಸಾಗುವುದು, ನಡುರಾತ್ರಿಯಲ್ಲಿ ಬಾಣಬಿರುಸುಗಳು. ನಂಜನಗೂಡಿನ ತೇರನ್ನು ಕಂಡವರಿಗೆ ಆ ಜನಸಂದಣಿ ಹೊಸದಾಗಿ ತೋರದು. ಕಲ್ಲಂಗಡಿಹಣ್ಣನ್ನು ಮಾರುವವರ ಕೂಗಂತೂ ನಮ್ಮ ಸಂತೆಯನ್ನೇ ನೆನಪಿಗೆ ತಂದಿತು.

ಇದುವರೆಗೆ ಸುಖದ ಮಾತಾಯಿತು. ಈ ಸುಖದ ಬುಡ ಈಗ ಅಲುಗುತ್ತಿದೆ. ಪಲೆರ್ಮೋವಿನ ಹಳೆಯ ಖಗೋಳ ವೀಕ್ಷಣಾಲಯದಲ್ಲಿ ಹದಿನೆಂಟನೆಯ ಶತಮಾನದ ಕೊನೆಯಿಂದಲೂ ಉಷ್ಣಮಾನವನ್ನು ಬರೆದಿಡುತ್ತ ಬಂದಿದ್ದಾರೆ. ೨೦೨೩ನೆಯ ಜುಲೈ ೨೪ರಂದು ಅಲ್ಲಿ ೪೭ ಡಿಗ್ರಿ ಕಂಡುಬಂದಿತು. ಅಷ್ಟು ಹಿಂದೆಂದೂ ಇರಲಿಲ್ಲ. ಆ ರಾತ್ರಿಯೂ ಮರುದಿನವೂ ಊರ ಸುತ್ತಣ ಬೆಟ್ಟಗಳು ಹತ್ತಿ ಉರಿದುವು. ವಿಮಾನ ನಿಲ್ದಾಣವನ್ನು ಕೆಲವು ಗಂಟೆಗಳ ಕಾಲ ಮುಚ್ಚಬೇಕಾಯಿತು. ಒಂದು ಪುರಾತನ ದೇವಾಲಯ ಸುಟ್ಟುಹೋಯಿತು. ಮುದುಕರು ಪ್ರಾಣ ಕಳೆದುಕೊಂಡರು. ಅದಕ್ಕೆ ಎರಡು ವರ್ಷ ಹಿಂದೆ, ೨೦೨೧ನೆಯ ಆಗಸ್ಟ್ ೧೧ರಂದು, ಅದೇ ದ್ವೀಪದ ಸಿರಾಕೂಸಾ ಪ್ರಾಂತದಲ್ಲಿ ೪೮.೮ ಡಿಗ್ರಿ ದಾಖಲಾಗಿತ್ತು. ಯೂರೋಪು ಖಂಡದ ಅತ್ಯಧಿಕ ಉಷ್ಣಮಾನವೆಂದು ಜಾಗತಿಕ ಹವಾಮಾನ ಸಂಸ್ಥೆಯು ಅದನ್ನು ಒಪ್ಪಿಕೊಂಡಿದೆ. ೨೦೨೪ರಲ್ಲಿ ಚಳಿಗಾಲದ ಮಳೆಯೇ ಕೈಕೊಟ್ಟು, ಪಲೆರ್ಮೋವಿನಲ್ಲಿ ನೀರನ್ನು ಸರದಿಯ ಮೇಲೆ ಬಿಡುವ ಸ್ಥಿತಿ ಬಂದಿತು.

ಶಾಖದಿಂದ ಸಾಯುವವರು ಯಾರು? ನಮ್ಮ ದೇಹ ತನ್ನ ಕಾವನ್ನು ಹೊರಹಾಕುವುದು ಬೆವರಿನಿಂದ. ವಯಸ್ಸಾದಂತೆ ಬೆವರೂ ಕಡಮೆ, ಬಾಯಾರಿಕೆಯ ಅರಿವೂ ಕಡಮೆ. ಹೃದಯ ಮಾತ್ರ ಹೆಚ್ಚು ದುಡಿಯಬೇಕು. ರಾತ್ರಿಯಲ್ಲಿ ತಂಪಾದರೆ ಅದು ಸುಧಾರಿಸಿಕೊಳ್ಳುವುದು. ರಾತ್ರಿಯೂ ಕಾದಿದ್ದರೆ ಮೂರನೆಯ ನಾಲ್ಕನೆಯ ದಿವಸಕ್ಕೆ ಸೋಲುವುದು. ೨೦೨೨ರ ಬೇಸಗೆಯಲ್ಲಿ ಯೂರೋಪಿನಲ್ಲಿ ೬೦,೦೦೦ಕ್ಕೂ ಹೆಚ್ಚು ಮಂದಿ ಶಾಖದಿಂದ ಸತ್ತರೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇಟಲಿಯೊಂದರಲ್ಲಿಯೇ ಸುಮಾರು ೧೮,೦೦೦. ಬಹುಮಂದಿ ವೃದ್ಧರು, ಸ್ತ್ರೀಯರು ಹೆಚ್ಚು.

ಇದರಲ್ಲಿ ಆಕಾಶದ ತಪ್ಪಿನೊಡನೆ ಊರು ಕಟ್ಟಿದವರ ತಪ್ಪೂ ಸೇರಿದೆ. ಪಲೆರ್ಮೋವಿನ ಸುತ್ತಣ ಬಯಲಿಗೆ 'ಹೊನ್ನಿನ ಚಿಪ್ಪು' ಎಂಬ ಅರ್ಥದ ಹೆಸರು ಬಂದುದು ಅಲ್ಲಿಯ ಕಿತ್ತಳೆ ನಿಂಬೆಯ ತೋಟಗಳಿಂದ. ಎರಡನೆಯ ಮಹಾಯುದ್ಧವಾದ ಮೇಲೆ, ೧೯೫೦ರಿಂದ ಮುಂದಣ ಕೆಲವು ದಶಕಗಳಲ್ಲಿ, ಭ್ರಷ್ಟರಾದ ಅಧಿಕಾರಿಗಳೂ ಮಾಫಿಯಾ ಎಂಬ ಕುಖ್ಯಾತ ಕೂಟದವರೂ ಕೂಡಿ ಆ ತೋಟಗಳನ್ನು ಕಡಿದು ಸಿಮೆಂಟಿನ ಮಹಡಿಗಳನ್ನು ಎಬ್ಬಿಸಿದರು. ಅಲ್ಲಿಯ ಜನ ಅದನ್ನು 'ಪಲೆರ್ಮೋವಿನ ಸೂರೆ' ಎಂದೇ ಕರೆಯುತ್ತಾರೆ. ನೀರುಂಡ ಮರ ತನ್ನ ಎಲೆಗಳಿಂದ ಆವಿ ಬಿಟ್ಟು ಸುತ್ತಣ ಗಾಳಿಯನ್ನು ತಣಿಸುವುದು; ಸಿಮೆಂಟು ಹಗಲೆಲ್ಲ ಕಾವನ್ನು ನುಂಗಿ ರಾತ್ರಿಯೆಲ್ಲ ಕಾರುವುದು. ಆ ತೆಳುಗೋಡೆಯ ಮನೆಗಳಲ್ಲಿ ಹಣವುಳ್ಳವರು ಶೈತ್ಯಯಂತ್ರಗಳನ್ನು ಇಟ್ಟುಕೊಂಡಿದ್ದಾರೆ. ಕೋಣೆಯ ಕಾವನ್ನೆತ್ತಿ ಬೀದಿಗೆಸೆಯುವುದು ಆ ಯಂತ್ರದ ಕೆಲಸ. ಬೀದಿಯಲ್ಲಿರುವವನು ನೆರೆಯವನ ಪಾಲಿನ ಕಾವನ್ನೂ ಉಣ್ಣಬೇಕು. ಹಿಂದೆ ಸರದಾರನಿಗೆ ಶಿರೋಕ್ಕೋ ಕೋಣೆಯಿದ್ದಿತು, ಆಳಿಗೆ ತೋಟದ ನೆರಳಾದರೂ ಇದ್ದಿತು. ಈಗ ಸರದಾರನ ಸ್ಥಾನದಲ್ಲಿ ಯಂತ್ರವುಳ್ಳವನು ಬಂದಿದ್ದಾನೆ. ಆಳಿನ ನೆರಳು ಮಾತ್ರ ಹೋಗಿದೆ. ನಮ್ಮ ಮನೆಯಾಕೆ ಹೇಳಿದುದೂ ಇದೇ: ತಾನು ಕಿಟಕಿ ಮುಚ್ಚುವ ಕ್ರಮ ತಪ್ಪಿಲ್ಲ, ರಾತ್ರಿ ತೆರೆದರೆ ಒಳಗೆ ಬರುವ ಗಾಳಿಯೇ ಬೇರೆಯಾಗಿದೆ ಎಂದು.

ಆದುದರಿಂದ ಹೋಗುವವರಿಗೆ ಕೆಲವು ಮಾತು. ಶಿರೋಕ್ಕೋ ಬರುವುದನ್ನು ಹವಾಮಾನ ಇಲಾಖೆಯವರು ಎರಡು ಮೂರು ದಿವಸ ಮುಂಚಿತವಾಗಿಯೇ ತಿಳಿಸುತ್ತಾರೆ. ಆ ದಿವಸಗಳಲ್ಲಿ ಬೆಟ್ಟ ಹತ್ತುವ, ಬೀದಿ ಸುತ್ತುವ ಯೋಚನೆಯನ್ನು ಬಿಟ್ಟು, ದಪ್ಪಗೋಡೆಯ ಹಳೆಯ ಮನೆಯಲ್ಲಿಯೋ ಸುರಂಗದಲ್ಲಿಯೋ ದೊಡ್ಡ ದೇವಾಲಯದ ಒಳಗೋ ಇರುವುದು ಮೇಲು. ಕೋಣೆಯನ್ನು ಹಿಡಿಯುವಾಗ ಮೇಲಂತಸ್ತಿನ ನೋಟಕ್ಕೆ ಮರುಳಾಗದೆ, ಉತ್ತರಕ್ಕೆ ಕಿಟಕಿಯಿರುವ ಕೆಳ ಅಂತಸ್ತನ್ನು ಆರಿಸಿಕೊಳ್ಳಬೇಕು. ಕೊಡೆಯನ್ನು ಮರೆಯಬಾರದು, ಬಿಸಿಲಿಗೆ ಕೊಡೆ ಹಿಡಿದವರನ್ನು ಅಲ್ಲಿಯ ಮಕ್ಕಳು ನೋಡಿ ನಕ್ಕರೆ ನಗಲಿ. ಉತ್ಸವವನ್ನು ಕಾಣಬೇಕೆನ್ನುವವರು ಜುಲೈ ನಡುವಿನಲ್ಲಿ ಹೋಗಬೇಕು. ಕಡಲೇ ಮುಖ್ಯವೆನ್ನುವವರಿಗೆ ಸೆಪ್ಟೆಂಬರಿನ ಮೊದಲ ಭಾಗ ಉತ್ತಮ. ಆಗಸ್ಟ್ ೧೫ ಅಲ್ಲಿ ದೊಡ್ಡ ಹಬ್ಬ. ಅಗಸ್ಟಸ್ ಚಕ್ರವರ್ತಿಯ ಕಾಲದಿಂದ ಬಂದ ವಿಶ್ರಾಂತಿಯ ಪದ್ಧತಿ. ಹಿಂದಿನ ರಾತ್ರಿ ತರುಣರು ಕಡಲ ತೀರದಲ್ಲಿ ಬೆಂಕಿ ಹಾಕಿ, ನಡುರಾತ್ರಿಯಲ್ಲಿ ನೀರಿಗಿಳಿಯುವರು. ಮರುದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಕಡಲಿಗೋ ಬೆಟ್ಟಕ್ಕೋ ಹೊರಟುಹೋಗುವರು. ಆ ವಾರದಲ್ಲಿ ಊರಿನ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ, ಬ್ರೆಡ್ಡು ಹಣ್ಣುಗಳನ್ನು ಹಿಂದಿನ ದಿವಸವೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.